ಮೊದಲ ಹೇಳಿಕೆಯ ಮೇಲುಗೈ: 1972ರ ಡೆರಿ ಗೋಲಿಬಾರ್ ಮತ್ತು ಬ್ರಿಟಿಷ್ ಪತ್ರಿಕಾ ವರದಿಗಳು

ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ 1972ರ ಜನವರಿ 30ರ ಭಾನುವಾರ ನಾಗರಿಕ ಹಕ್ಕುಗಳ ಮೆರವಣಿಗೆಯೊಂದು ನಡೆಯಿತು. ಬ್ರಿಟಿಷ್ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಅಂದು ಸಂಜೆ ಬಾಗ್‌ಸೈಡ್ ಬಡಾವಣೆಗೆ ನುಗ್ಗಿ, ನೂರಕ್ಕೂ ಹೆಚ್ಚು ಗುಂಡು ಹಾರಿಸಿತು. 13 ಮಂದಿ ಸತ್ತರು, ಅನೇಕರು ಗಾಯಗೊಂಡರು. ಸತ್ತವರಲ್ಲಿ ಆರು ಮಂದಿ 17 ವರ್ಷದ ಹುಡುಗರು. ‘ಬ್ಲಡಿ ಸಂಡೇ’ ಎಂದು ಇತಿಹಾಸದಲ್ಲಿ ದಾಖಲಾದ ಈ ಘಟನೆಯ ಬಗ್ಗೆ ಬ್ರಿಟಿಷ್ ಸರ್ಕಾರವೇ ಎರಡು ವಿಚಾರಣೆಗಳನ್ನು ನಡೆಸಿತು. 1972ರ ಏಪ್ರಿಲ್‌ನಲ್ಲಿ ಬಂದ ವಿಡ್ಜರಿ ವರದಿ ಮತ್ತು 2010ರ ಜೂನ್‌ನಲ್ಲಿ ಬಂದ ಸ್ಯಾವಿಲ್ ವರದಿ ಮುಖ್ಯ ಪ್ರಶ್ನೆಗಳಲ್ಲಿ ಒಂದಕ್ಕೊಂದು ತದ್ವಿರುದ್ಧವಾದ ನಿಲುವು ತಳೆದವು. ವಿವಾದಿತ ಗೋಲಿಬಾರ್ ಒಂದರ ಸುದ್ದಿ ಹೇಗೆ ಒಂದು ಕಡೆಗೆ ವಾಲುತ್ತದೆ, ವಾಲಿದ್ದು ಹೇಗೆ ಗಟ್ಟಿಯಾಗುತ್ತದೆ ಎಂಬುದನ್ನು ಹಂತಹಂತವಾಗಿ ಪರಿಶೀಲಿಸಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆಗಳು ವಿರಳ.

ಹಿನ್ನೆಲೆ

1971ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಸರ್ಕಾರ ಶಂಕಿತರನ್ನು ವಿಚಾರಣೆಯಿಲ್ಲದೆ ಬಂಧನದಲ್ಲಿಡುವ ಕ್ರಮವನ್ನು ಜಾರಿಗೆ ತಂದಿತು. ಬಂಧಿತರಾದವರಲ್ಲಿ ಬಹುಪಾಲು ಕ್ಯಾಥೊಲಿಕ್ ಸಮುದಾಯದವರು. ಇದನ್ನು ಪ್ರತಿಭಟಿಸಿ ಉತ್ತರ ಐರ್ಲೆಂಡ್ ನಾಗರಿಕ ಹಕ್ಕುಗಳ ಸಂಘ ಮೆರವಣಿಗೆಗೆ ಕರೆ ಕೊಟ್ಟಿತ್ತು. ಮೆರವಣಿಗೆಗಳಿಗೆ ನಿಷೇಧವಿತ್ತು. ಅದೇ ಅವಧಿಯಲ್ಲಿ ಐರಿಷ್ ರಿಪಬ್ಲಿಕನ್ ಆರ್ಮಿಯ ದಾಳಿಗಳಲ್ಲಿ ಸೈನಿಕರೂ ಪೊಲೀಸರೂ ಸಾಯುತ್ತಿದ್ದರು. ಹೀಗಾಗಿ ಲಂಡನ್ನಿನ ಓದುಗನಿಗೆ ಡೆರಿ ಎಂದರೆ ಬಂದೂಕುಧಾರಿಗಳ ಊರು ಎಂಬ ಚಿತ್ರ ಮೊದಲೇ ಸಿದ್ಧವಾಗಿತ್ತು. ಗೋಲಿಬಾರಿನ ಸುದ್ದಿ ಬಂದು ಕೂತದ್ದು ಈ ಚೌಕಟ್ಟಿನೊಳಗೆ.

ಮೊದಲ ರಾತ್ರಿ

ಸೈನ್ಯಕ್ಕೆ ವಕ್ತಾರರಿದ್ದರು, ದೂರವಾಣಿಗಳಿದ್ದವು, ಲಿಸ್ಬರ್ನ್ ಪ್ರಧಾನ ಕಚೇರಿಯಲ್ಲಿ ಪತ್ರಕರ್ತರಿಗೆ ಮಾಹಿತಿ ಕೊಡುವ ವ್ಯವಸ್ಥೆಯಿತ್ತು. ಬಾಗ್‌ಸೈಡಿನ ಕುಟುಂಬಗಳು ಆ ರಾತ್ರಿ ಆಸ್ಪತ್ರೆಯಲ್ಲಿ ಹೆಣಗಳನ್ನು ಗುರುತಿಸುತ್ತಿದ್ದವು. ಬೆಟಾಲಿಯನ್ನಿನ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಡೆರೆಕ್ ವಿಲ್ಫರ್ಡ್ ತಮ್ಮವರ ಮೇಲೆ ಗುಂಡಿನ ದಾಳಿ ನಡೆಯಿತೆಂದು ಸುದ್ದಿಗಾರರಿಗೆ ಹೇಳಿದರು. ಗುಂಡು ಹಾರಿಸಿದ್ದು ಗುರುತು ಹಿಡಿದ ಬಂದೂಕುಧಾರಿಗಳ ಮತ್ತು ಬಾಂಬ್ ಎಸೆಯುವವರ ಮೇಲೆ ಮಾತ್ರ ಎಂಬುದು ಸೈನ್ಯದ ಹೇಳಿಕೆಯಾಗಿತ್ತು.

ಆ ರಾತ್ರಿಯೇ ಸೈನಿಕರ ಹೇಳಿಕೆಗಳ ಆಧಾರದ ಮೇಲೆ ಗುಂಡುಗಳ ಪಟ್ಟಿಯೊಂದು ತಯಾರಾಯಿತು. ಯಾವ ಸ್ಥಳದಿಂದ ಯಾವ ಗುರಿಗೆ ಗುಂಡು ಹೋಯಿತು ಎಂಬುದನ್ನು ನಕ್ಷೆಯ ಅಂಕಿಗಳ ಸಮೇತ ನಮೂದಿಸಿ, ಪ್ರತಿ ಗುರಿಗೂ ‘ಮೊಳೆಬಾಂಬ್ ಎಸೆಯುವವನು’, ‘ಪಿಸ್ತೂಲು ಹಿಡಿದವನು’ ಎಂಬಂಥ ವಿವರಣೆ ಕೊಡಲಾಗಿತ್ತು. ರಕ್ಷಣಾ ಖಾತೆಯ ರಾಜ್ಯ ಸಚಿವ ಲಾರ್ಡ್ ಬಾಲ್ನೀಲ್ ಫೆಬ್ರವರಿ 1ರಂದು ಸಂಸತ್ತಿನ ಕೆಳಮನೆಯಲ್ಲಿ ಇದನ್ನು ಓದಿ ಹೇಳಿದರು. ಸರ್ಕಾರದ ವಾರ್ತಾ ವಿಭಾಗ ವಿದೇಶಗಳಿಗೂ ಇದೇ ಬಗೆಯ ವಿವರಗಳನ್ನು ಹಂಚಿತು. ಆರೋಪಕ್ಕೆ ಒಳಗಾದವರ ಮಾತು ಪಟ್ಟಿಯ ರೂಪ ಪಡೆದು, ಮಂತ್ರಿಯ ಬಾಯಲ್ಲಿ ಸದನದ ದಾಖಲೆಯಾಯಿತು. ಮೂಲ ಒಂದೇ ಆದರೂ ಪ್ರತಿ ಕೈ ಬದಲಾದಾಗಲೂ ಅದರ ತೂಕ ಹೆಚ್ಚಿತು. ಸತ್ತವರಲ್ಲಿ ನಾಲ್ವರು ಭದ್ರತಾ ಪಡೆಗಳಿಗೆ ಬೇಕಾಗಿದ್ದವರು ಎಂಬ ಇನ್ನೊಂದು ಹೇಳಿಕೆಯೂ ಹೊರಬಿತ್ತು. ಅದನ್ನು ನಂತರ ಹಿಂತೆಗೆದುಕೊಳ್ಳಲಾಯಿತು. ಆದರೆ ಆರೋಪ ತಲುಪಿದಷ್ಟು ದೂರಕ್ಕೆ ಹಿಂತೆಗೆತ ತಲುಪಲಿಲ್ಲ.

ತಲೆಬರಹ ಮತ್ತು ಮೊದಲ ವಾಕ್ಯ

ಉದಾರವಾದಿ ಪತ್ರಿಕೆಯೆಂದು ಹೆಸರಾದ ‘ಗಾರ್ಡಿಯನ್’ನ ಜನವರಿ 31ರ ಮುಖಪುಟವನ್ನು ಹತ್ತಿರದಿಂದ ನೋಡಬಹುದು. ಪ್ಯಾರಾ ಸೈನಿಕರು ದೊಂಬಿಯನ್ನು ಹತ್ತಿಕ್ಕಿದಾಗ 13 ಮಂದಿ ಹತರಾದರು ಎಂಬರ್ಥದ ತಲೆಬರಹ ಅಲ್ಲಿತ್ತು. ಅದರ ಕೆಳಗೆ, ಸ್ಥಳದಲ್ಲಿದ್ದ ವರದಿಗಾರ ಸೈಮನ್ ವಿಂಚೆಸ್ಟರ್ ಬರೆದ ಮೊದಲ ವಾಕ್ಯ ಬೇರೆಯೇ ಮಾತು ಹೇಳುತ್ತಿತ್ತು: ನಾಗರಿಕ ಹಕ್ಕುಗಳ ಮೆರವಣಿಗೆಯ ದೊಡ್ಡ ಗುಂಪಿನ ಮೇಲೆ ಸೈನಿಕರು ಗುಂಡು ಹಾರಿಸಿ ಹದಿಮೂರು ನಾಗರಿಕರನ್ನು ಕೊಂದರು ಎಂಬುದು ಅದರ ಸಾರ. ವರದಿಯಲ್ಲಿ ಕೊಂದವರು ಯಾರು, ಸತ್ತವರು ಯಾರು ಎಂಬುದು ನೇರವಾಗಿದೆ. ತಲೆಬರಹದಲ್ಲಿ ಸೈನಿಕರು ದೊಂಬಿ ಅಡಗಿಸುವ ಕರ್ತವ್ಯದಲ್ಲಿದ್ದಾರೆ, ಸಾವು ಆ ಕರ್ತವ್ಯದ ನಡುವೆ ಸಂಭವಿಸಿದೆ. ವಿಲಿಯಂ ಸ್ಟ್ರೀಟಿನ ತಡೆಗೋಡೆಯ ಬಳಿ ಕೆಲವು ಯುವಕರು ಕಲ್ಲು ತೂರಿದ್ದು ನಿಜ. ಆದರೆ ಜನ ಗುಂಡಿಗೆ ಬಿದ್ದದ್ದು ಅಲ್ಲಿಂದ ಒಳಗಿನ ರಾಸ್‌ವಿಲ್ ಸ್ಟ್ರೀಟ್ ಮತ್ತು ಅದರ ಸುತ್ತಿನ ಮನೆಗಳ ಅಂಗಳಗಳಲ್ಲಿ. ಈ ಅಂತರವನ್ನು ತಲೆಬರಹ ಅಳಿಸಿಹಾಕಿತು. ಒಂದೂ ಸುಳ್ಳು ಸಂಗತಿಯಿಲ್ಲದೆ ಸುದ್ದಿ ವಾಲಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ವರದಿಗಾರ ಕಂಡದ್ದನ್ನು ಬರೆದರೂ ಪುಟ ಕಟ್ಟುವ ಮೇಜಿನಲ್ಲಿ ಅದರ ದಿಕ್ಕು ಬದಲಾಗುತ್ತದೆ.

ಇಲ್ಲಿಂದ ಮುಂದೆ ಚರ್ಚೆಯ ಪ್ರಶ್ನೆಯೇ ಪಲ್ಲಟಗೊಂಡಿತು. ಸೈನಿಕರು ಏಕೆ ಗುಂಡು ಹಾರಿಸಿದರು ಎಂದು ಕೇಳಬೇಕಾದ ಕಡೆ, ಸತ್ತವರ ಕೈಯಲ್ಲಿ ಏನಿತ್ತು ಎಂಬ ಪ್ರಶ್ನೆ ಬಂತು. ನಿರ್ದೋಷಿಗಳೆಂದು ಸಾಬೀತುಪಡಿಸುವ ಹೊರೆ ಸತ್ತವರ ಮೇಲೆ, ಅವರ ಪರವಾಗಿ ಅವರ ತಾಯ್ತಂದೆಯರ ಮೇಲೆ ಬಿತ್ತು.

ವಿಚಾರಣೆಯ ನೆರಳಿನ ಮೌನ

ಫೆಬ್ರವರಿ 1ರಂದು ಮುಖ್ಯ ನ್ಯಾಯಮೂರ್ತಿ ಲಾರ್ಡ್ ವಿಡ್ಜರಿ ಅವರ ನೇತೃತ್ವದಲ್ಲಿ ವಿಚಾರಣೆ ಘೋಷಣೆಯಾಯಿತು. ಅದರ ಹಿಂದಿನ ದಿನ ಪ್ರಧಾನಿ ಎಡ್ವರ್ಡ್ ಹೀತ್ ವಿಡ್ಜರಿಯವರನ್ನು ಭೇಟಿ ಮಾಡಿ, ಉತ್ತರ ಐರ್ಲೆಂಡಿನಲ್ಲಿ ನಡೆಯುತ್ತಿರುವುದು ಸೈನಿಕ ಯುದ್ಧ ಮಾತ್ರವಲ್ಲ, ಪ್ರಚಾರದ ಯುದ್ಧವೂ ಹೌದೆಂದು ನೆನಪಿಸಿದ್ದರು. ಆ ಭೇಟಿಯ ಟಿಪ್ಪಣಿ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 1990ರ ದಶಕದಲ್ಲಿ. ವಿಚಾರಣೆ ಆರಂಭವಾದೊಡನೆ ನ್ಯಾಯಾಂಗ ನಿಂದನೆಯ ಭಯ ಪತ್ರಿಕಾ ಕಚೇರಿಗಳನ್ನು ಆವರಿಸಿತು. ‘ಸಂಡೇ ಟೈಮ್ಸ್’ನ ಮರ್ರೆ ಸೇಲ್ ಮತ್ತು ಡೆರೆಕ್ ಹಂಫ್ರಿ ಡೆರಿಗೆ ಹೋಗಿ ಸಾಕ್ಷಿಗಳನ್ನು ಮಾತಾಡಿಸಿ ವರದಿ ಸಿದ್ಧಪಡಿಸಿದ್ದರು. ಸಂಪಾದಕ ಹೆರಾಲ್ಡ್ ಇವಾನ್ಸ್ ಅದನ್ನು ಪ್ರಕಟಿಸಲಿಲ್ಲ. ಪತ್ರಿಕೆಯ ವಿಸ್ತೃತ ತನಿಖಾ ವರದಿ ಬಂದದ್ದು ವಿಡ್ಜರಿ ವರದಿ ಹೊರಬಿದ್ದ ಮೇಲೆ, ಏಪ್ರಿಲ್ 23ರಂದು. ಕಾನೂನಿನ ಮೌನ ಎಲ್ಲರಿಗೂ ಸಮಾನವಾಗಿತ್ತು, ಪರಿಣಾಮ ಸಮಾನವಾಗಿರಲಿಲ್ಲ. ಸೈನ್ಯದ ಕಥನ ಆ ವೇಳೆಗಾಗಲೇ ಜಗತ್ತಿನಾದ್ಯಂತ ಹರಡಿತ್ತು. ಪ್ರತ್ಯಕ್ಷದರ್ಶಿಗಳ ಕಥನ ಇನ್ನೂ ಅಚ್ಚಿಗೆ ಹೋಗಬೇಕಿತ್ತು.

ವರದಿಯ ವರದಿ

ವಿಡ್ಜರಿ ವರದಿಯೊಳಗೆ ಪರಸ್ಪರ ಎಳೆದಾಡುವ ಮಾತುಗಳಿದ್ದವು. ಸೈನಿಕರ ಮೇಲೆ ಮೊದಲು ಗುಂಡು ಬಂತು ಎಂಬುದನ್ನು ಅದು ಒಪ್ಪಿತು. ಮೆರವಣಿಗೆ ನಡೆಯದಿದ್ದರೆ ಸಾವುಗಳಾಗುತ್ತಿರಲಿಲ್ಲ ಎಂದೂ ಹೇಳಿತು. ಕೆಲವು ಸೈನಿಕರ ಗುಂಡು ಹಾರಾಟ ಅಜಾಗರೂಕತೆಯ ಅಂಚಿಗೆ ಬಂದಿತ್ತು ಎಂಬ ಟೀಕೆಯೂ ಅದರಲ್ಲಿತ್ತು. ಸತ್ತವರಲ್ಲಿ ಯಾರೊಬ್ಬರೂ ಆ ಕ್ಷಣದಲ್ಲಿ ಬಂದೂಕು ಅಥವಾ ಬಾಂಬ್ ಹಿಡಿದಿದ್ದರೆಂಬುದು ಸಾಬೀತಾಗಿಲ್ಲ ಎಂದ ಅದೇ ವರದಿ, ಕೆಲವರ ಬಗ್ಗೆ ಬಲವಾದ ಸಂಶಯವನ್ನು ಉಳಿಸಿತು. ಹಲವು ಲಂಡನ್ ಪತ್ರಿಕೆಗಳು ಮಾತ್ರ ವಿಡ್ಜರಿ ಸೈನ್ಯವನ್ನು ದೋಷಮುಕ್ತಗೊಳಿಸಿದರು ಎಂಬ ಧಾಟಿಯಲ್ಲಿ ಸುದ್ದಿ ಮಾಡಿದವು. ಟೀಕೆ ಒಳಪುಟ ಸೇರಿತು, ಸಂಶಯ ನೆನಪಿನಲ್ಲಿ ಉಳಿಯಿತು.

ಛಾಯಾಚಿತ್ರದ ಸಾಕ್ಷ್ಯ

ಅಧಿಕೃತ ಕಥನಕ್ಕೆ ಪೆಟ್ಟು ಕೊಟ್ಟದ್ದು ಕ್ಯಾಮೆರಾ. ಪಾದ್ರಿ ಎಡ್ವರ್ಡ್ ಡೇಲಿ ಬಿಳಿ ಕರವಸ್ತ್ರ ಬೀಸುತ್ತ, ಗುಂಡೇಟು ತಿಂದ ಹುಡುಗನನ್ನು ಹೊತ್ತವರ ಮುಂದೆ ಬಾಗಿ ನಡೆಯುವ ಬಿಬಿಸಿ ದೃಶ್ಯ ಜಗತ್ತಿನ ಮನಸ್ಸು ಕಲಕಿತು. ಫ್ರೆಂಚ್ ಛಾಯಾಗ್ರಾಹಕ ಜಿಲ್ ಪೆರೆಸ್ ತೆಗೆದ ಚಿತ್ರಗಳು ಇನ್ನೂ ನಿರ್ಣಾಯಕ. ಮುಖಕ್ಕೆ ಕರವಸ್ತ್ರ ಕಟ್ಟಿದ ವ್ಯಕ್ತಿಯೊಬ್ಬರು ನೆಲದ ಮೇಲೆ ತೆವಳುತ್ತ ಸಾಗುವುದು, ಬಳಿಕ ಸತ್ತು ಬಿದ್ದಿರುವುದು ಅವುಗಳಲ್ಲಿ ದಾಖಲಾಗಿದೆ. ಅವರ ಕೈಯಲ್ಲಿ ಆಯುಧವಿಲ್ಲ. ಪಿಸ್ತೂಲು ಹಿಡಿದವನಿಗೆ ಗುಂಡು ಹಾರಿಸಿದೆ ಎಂಬ ಸೈನಿಕನ ಮಾತು ಇವರ ಕುರಿತದ್ದಾಗಿದ್ದರೆ ಅದು ತಪ್ಪೆಂದು ವಿಡ್ಜರಿಯೂ ಒಪ್ಪಬೇಕಾಯಿತು. ಚಿತ್ರವಿಲ್ಲದೆ ಸತ್ತವರಿಗೆ ಆ ಅನುಕೂಲ ಸಿಗಲಿಲ್ಲ.

ಎದುರು ಪಕ್ಷದ ಕಥನ

ಪಕ್ಷಪಾತ ಒಂದೇ ಕಡೆಯದ್ದೆಂದು ಭಾವಿಸುವುದು ಸರಿಯಲ್ಲ. ಇದು ಮೇಲಿನವರು ಮೊದಲೇ ಯೋಜಿಸಿದ ಹತ್ಯೆ ಎಂಬ ನಂಬಿಕೆ ಐರಿಷ್ ರಾಷ್ಟ್ರೀಯವಾದಿಗಳಲ್ಲಿ ಬಲವಾಗಿತ್ತು. ಸೇಲ್ ಮತ್ತು ಹಂಫ್ರಿಯವರ ಅಪ್ರಕಟಿತ ವರದಿಯೂ ಪೂರ್ವಯೋಜನೆಯತ್ತ ಬೆರಳು ಮಾಡಿತ್ತು. ಸರ್ಕಾರವಾಗಲಿ ಸೈನ್ಯದ ಉನ್ನತ ಅಧಿಕಾರಿಗಳಾಗಲಿ ಅಂಥ ಯೋಜನೆ ಮಾಡಿದ್ದಕ್ಕೆ ಸ್ಯಾವಿಲ್ ವಿಚಾರಣೆಗೆ ಆಧಾರ ಸಿಗಲಿಲ್ಲ. ಆ ದಿನ ರಿಪಬ್ಲಿಕನ್ ಬಂದೂಕುಧಾರಿಗಳೂ ಕೆಲವು ಗುಂಡು ಹಾರಿಸಿದ್ದರೆಂದು ಅದು ದಾಖಲಿಸಿತು. ಆದರೆ ಅವು ನಿರಾಯುಧರ ಹತ್ಯೆಯನ್ನು ಸಮರ್ಥಿಸುವುದಿಲ್ಲವೆಂದು ಖಚಿತವಾಗಿ ಹೇಳಿತು.

ತಡವಾದ ತಿದ್ದುಪಡಿ

1998ರಲ್ಲಿ ಪ್ರಧಾನಿ ಟೋನಿ ಬ್ಲೇರ್ ಘೋಷಿಸಿದ ಸ್ಯಾವಿಲ್ ವಿಚಾರಣೆ 900ಕ್ಕೂ ಹೆಚ್ಚು ಸಾಕ್ಷಿಗಳ ಮಾತು ಕೇಳಿತು. ಸುಮಾರು 19.5 ಕೋಟಿ ಪೌಂಡ್ ವೆಚ್ಚವಾಯಿತು. ಸತ್ತವರಾಗಲಿ ಗಾಯಗೊಂಡವರಾಗಲಿ ಗುಂಡು ಹಾರಿಸುವಂಥ ಅಪಾಯವನ್ನು ಒಡ್ಡಿರಲಿಲ್ಲ, ಹಲವು ಸೈನಿಕರು ತಿಳಿದೂ ಸುಳ್ಳು ಹೇಳಿದ್ದರು ಎಂಬುದು 2010ರ ಜೂನ್ 15ರಂದು ಪ್ರಕಟವಾದ ಅದರ ತೀರ್ಮಾನ. ಪ್ರಧಾನಿ ಡೇವಿಡ್ ಕ್ಯಾಮರನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಮಗ ಬಾಂಬ್ ಎಸೆಯುವವನಾಗಿದ್ದ ಎಂಬ ಕಳಂಕವನ್ನು ಕುಟುಂಬಗಳು 38 ವರ್ಷ ಹೊತ್ತಿದ್ದವು. ಅನೇಕ ತಂದೆತಾಯಂದಿರು ಅದು ತೊಲಗಿದ್ದನ್ನು ಕಾಣದೆ ತೀರಿಕೊಂಡಿದ್ದರು.

ಗೋಲಿಬಾರಿನ ವರದಿಯನ್ನು ಪರೀಕ್ಷಿಸಲು ಡೆರಿ ಪ್ರಕರಣದಿಂದ ನಾಲ್ಕು ಮಾನದಂಡಗಳು ದೊರೆಯುತ್ತವೆ. ಗುಂಡು ಹಾರಿಸಿದವರ ಹೇಳಿಕೆ ಅವರ ಹೇಳಿಕೆಯಾಗಿಯೇ ಅಚ್ಚಾಗಿದೆಯೇ ಅಥವಾ ಸಂಗತಿಯಾಗಿ ಮಾರ್ಪಟ್ಟಿದೆಯೇ ಎಂಬುದು ಮೊದಲನೆಯದು. ತಲೆಬರಹ ವರದಿಗಾರನ ಕಾಣ್ಕೆಗೆ ನಿಷ್ಠವಾಗಿದೆಯೇ ಎಂಬುದು ಎರಡನೆಯದು. ಪುರಾವೆಯ ಹೊರೆ ಯಾರ ಮೇಲೆ ಬಿದ್ದಿದೆ ಎಂಬುದು ಮೂರನೆಯದು. ಆರೋಪ ಸುಳ್ಳೆಂದು ತಿಳಿದಾಗ ತಿದ್ದುಪಡಿಗೆ ಆರೋಪಕ್ಕೆ ಸಿಕ್ಕಷ್ಟೇ ಜಾಗ ಸಿಕ್ಕಿತೇ ಎಂಬುದು ನಾಲ್ಕನೆಯದು. 1972ರಲ್ಲಿ ಬ್ರಿಟಿಷ್ ಪತ್ರಿಕೆಗಳ ದೊಡ್ಡ ಭಾಗ ಈ ನಾಲ್ಕರಲ್ಲೂ ಸೋತಿತು. ಪ್ರತ್ಯೇಕ ವರದಿಗಾರರ ಪ್ರಾಮಾಣಿಕತೆಗೆ ಆ ಸೋಲನ್ನು ತಡೆಯುವ ಶಕ್ತಿ ಇರಲಿಲ್ಲ. ಮೊದಲ ಮಾತಿನ ಹಕ್ಕನ್ನು ಒಂದೇ ಪಕ್ಷಕ್ಕೆ ಬಿಟ್ಟುಕೊಟ್ಟದ್ದೇ ಅದರ ಮೂಲ ಕಾರಣ.