ಥರ್ಮೋಸ್ಟಾಟ್ (ಲಾರಿ ಎಂಜಿನ್)
ಕೂಲಂಟ್ ಹರಿವನ್ನು ನಿಯಂತ್ರಿಸುವ, ಮೇಣ ತುಂಬಿದ ಕವಾಟ. ಎಂಜಿನ್ ತಣ್ಣಗಿರುವಾಗ ಇದು ಮುಚ್ಚಿದ್ದು, ಕೂಲಂಟ್ ಬೈಪಾಸ್ ದಾರಿಯಲ್ಲಿ ಎಂಜಿನ್ನಿನೊಳಗೇ ಸುತ್ತುತ್ತದೆ. ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮೇಣ ಕರಗಿ ಹಿಗ್ಗಿ ರೇಡಿಯೇಟರಿನ ದಾರಿ ತೆರೆಯುತ್ತದೆ.

ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ಮೀರುತ್ತದೆ. ಸಿಂಧನೂರಿನಿಂದ ಭತ್ತ ಹೇರಿಕೊಂಡು ಮಸ್ಕಿ, ಲಿಂಗಸುಗೂರಿನತ್ತ ಸಾಗುವ ಲಾರಿಗೆ ಇಂಥ ಬಿಸಿಲಲ್ಲಿ ಥರ್ಮೋಸ್ಟಾಟ್ ಬೇಡವೆನಿಸಬಹುದು. ಆದರೆ ಅದನ್ನು ಕಿತ್ತುಹಾಕುವುದು ತಪ್ಪು. ಅನೇಕ ಎಂಜಿನ್‌ಗಳಲ್ಲಿ ಬೈಪಾಸನ್ನು ಮುಚ್ಚುವುದೂ ಇದೇ ಕವಾಟ. ತೆಗೆದರೆ ಬಿಸಿ ಕೂಲಂಟಿನ ಒಂದು ಪಾಲು ರೇಡಿಯೇಟರ್ ತಲುಪದೆ ಮರಳಿ, ಭಾರ ಎಳೆಯುವಾಗ ಎಂಜಿನ್ ಇನ್ನಷ್ಟು ಕಾಯುತ್ತದೆ. ಚಳಿಗಾಲದ ಬೆಳಗಿನಲ್ಲಿ ಬೇಗ ಬಿಸಿಯೇರದೆ ಡೀಸೆಲ್ ಹೆಚ್ಚು ಸುಡುತ್ತದೆ, ಸಿಲಿಂಡರ್ ಸವೆಯುತ್ತದೆ.

ಬೋರ್‌ವೆಲ್‌ನ ಗಡಸು ನೀರು ಸುಣ್ಣದ ಪದರ ಕಟ್ಟಿ ಹರಿವನ್ನು ತಡೆಯುವುದರಿಂದ, ಗ್ಲೈಕಾಲ್ ಬೆರೆತ ಕೂಲಂಟನ್ನೇ ಬಳಸಬೇಕು.