ಬಿಸ್ಕತ್ ಪೊಟ್ಟಣದ ಮೇಲೆ ಬೆಲೆ ಬಂದ ಕಥೆ

ಇವತ್ತು ಮಾತಾಡೋಕೆ ತಗೊಂಡಿರೋದು ಒಂದೇ ಒಂದು ಸಾಲು: ‘ಎಂಆರ್‌ಪಿ, ಎಲ್ಲ ತೆರಿಗೆ ಸೇರಿ’. ಬಿಸ್ಕತ್ತು, ಸೋಪು, ಶಾಂಪೂ, ಯಾವುದನ್ನು ತಿರುಗಿಸಿ ನೋಡಿದರೂ ಈ ಸಾಲು ಇರುತ್ತೆ. ಅಮೆರಿಕದಲ್ಲಿರೋ ನಮ್ಮ ಗೆಳೆಯರಿಗೆ ಗೊತ್ತು, ಅಲ್ಲಿ ಹೀಗಿಲ್ಲ. ಬೆಲೆ ಅಂಗಡಿಯ ಶೆಲ್ಫಿನ ಮೇಲಿರುತ್ತೆ, ತೆರಿಗೆ ಬಿಲ್ಲಿನಲ್ಲಿ ಸೇರುತ್ತೆ. ಹಾಗಾದ್ರೆ ನಮ್ಮಲ್ಲಿ ಬೆಲೆ ಪೊಟ್ಟಣದ ಮೇಲೆ ಯಾವಾಗ ಬಂತು, ಯಾಕೆ ಬಂತು?

ಈ ಕಥೆಗೆ ಮುಂಬಯಿಯ ವಿಲೆ ಪಾರ್ಲೆಯಷ್ಟು ಒಳ್ಳೇ ಜಾಗ ಇನ್ನೊಂದಿಲ್ಲ. 1929ರಲ್ಲಿ ಮೋಹನ್‌ಲಾಲ್ ದಯಾಳ್ ಚೌಹಾಣ್ ಇಲ್ಲಿ ಮಿಠಾಯಿ ಕಾರ್ಖಾನೆ ಶುರು ಮಾಡಿದರು. ಊರಿನ ಹೆಸರೇ ಕಂಪನಿಯ ಹೆಸರಾಯ್ತು. ಸುಮಾರು ಹತ್ತು ವರ್ಷದ ಮೇಲೆ ಬಿಸ್ಕತ್ತು ಬಂತು. ಅದೇ ಪಾರ್ಲೆ ಗ್ಲುಕೋ, 1980ರ ದಶಕದಲ್ಲಿ ಪಾರ್ಲೆ-ಜಿ ಆಯ್ತು. ಆ ಕಾರ್ಖಾನೆ 2016ರಲ್ಲಿ ಬಾಗಿಲು ಹಾಕಿತು. ಅಲ್ಲಿವರೆಗೂ ಲೋಕಲ್ ಟ್ರೇನಿನಲ್ಲಿ ಕಣ್ಣು ಮುಚ್ಚಿ ಕೂತವರಿಗೂ ಸ್ಟೇಷನ್ ಬಂದದ್ದು ಬಿಸ್ಕತ್ತಿನ ವಾಸನೆಯಿಂದಲೇ ಗೊತ್ತಾಗ್ತಿತ್ತು.

ಹಳೇ ಕಾಲದಲ್ಲಿ ಬೆಲೆ ಇರ್ತಿದ್ದದ್ದು ಅಂಗಡಿಯವರ ತಲೆಯಲ್ಲಿ. ಬಟ್ಟೆ ಅಂಗಡಿಗಳಲ್ಲಿ ಗುಟ್ಟಿನ ಅಕ್ಷರಗಳೂ ಇರ್ತಿದ್ದವು. ಹತ್ತು ಬೇರೆ ಬೇರೆ ಅಕ್ಷರ, ಒಂದೊಂದಕ್ಕೆ ಒಂದೊಂದು ಅಂಕಿ. ಚೀಟಿ ಓದಿದ ಅಂಗಡಿಯವರಿಗೆ ಅಸಲು ಎಷ್ಟು, ಎಲ್ಲಿವರೆಗೆ ಇಳಿಯಬಹುದು ಅಂತ ಗೊತ್ತಾಗ್ತಿತ್ತು, ಗಿರಾಕಿಗೆ ಗೊತ್ತಾಗ್ತಿರಲಿಲ್ಲ. ಚೌಕಾಸಿ ಮಾಡೋಕೆ ಊರಿನ ಭಾಷೆ ಬೇಕು, ಪರಿಚಯ ಬೇಕು. ಹೊಸದಾಗಿ ಬೇರೆ ರಾಜ್ಯಕ್ಕೆ ಹೋದವರ ಹತ್ತಿರ ಎರಡೂ ಇರಲ್ಲ, ಅಲ್ವಾ?

ಇದನ್ನು ಬದಲಿಸಿದ್ದು ಕಾನೂನು. 1976ರಲ್ಲಿ ತೂಕ ಮತ್ತು ಅಳತೆ ಮಾನಕಗಳ ಕಾಯ್ದೆ ಬಂತು, 1977ರಲ್ಲಿ ಅದರ ಕೆಳಗೆ ಪೊಟ್ಟಣ ಸರಕುಗಳ ನಿಯಮ ಬಂತು. ತಯಾರಕರ ಹೆಸರು, ನಿವ್ವಳ ತೂಕ, ಬೆಲೆ ಎಲ್ಲವನ್ನೂ ಅಚ್ಚು ಹಾಕಬೇಕು ಅಂತಾಯ್ತು. ಆದರೆ ಬೆಲೆ ಬರೆಯೋಕೆ ಎರಡು ದಾರಿ ಇತ್ತು. ಒಂದು, ಎಲ್ಲ ತೆರಿಗೆ ಸೇರಿ ಇಷ್ಟು. ಇನ್ನೊಂದು, ಇಷ್ಟು, ‘ಸ್ಥಳೀಯ ತೆರಿಗೆ ಪ್ರತ್ಯೇಕ’. ಸಮಸ್ಯೆ ಇದ್ದದ್ದೇ ಈ ಎರಡನೇ ದಾರಿಯಲ್ಲಿ. ಒಂದೊಂದು ರಾಜ್ಯಕ್ಕೆ ಒಂದೊಂದು ಮಾರಾಟ ತೆರಿಗೆ. ಮುಂಬಯಿಯಲ್ಲಂತೂ ಜಿಎಸ್‌ಟಿ ಬರೋವರೆಗೂ ಆಕ್ಟ್ರಾಯ್ ಬೇರೆ ಇತ್ತು. ಅಂಗಡಿಯವರು ‘ತೆರಿಗೆ ಇಷ್ಟು’ ಅಂದ್ರೆ ಗಿರಾಕಿ ಪರೀಕ್ಷಿಸೋದು ಹೇಗೆ? 1990ರ ತಿದ್ದುಪಡಿ ಆ ದಾರಿಯನ್ನು ಮುಚ್ಚಿತು. ಎಲ್ಲ ತೆರಿಗೆ ಸೇರಿದ ಒಂದೇ ಅಂಕಿ, ಅದಕ್ಕಿಂತ ಹೆಚ್ಚು ಕೇಳೋ ಹಾಗಿಲ್ಲ. ಈಗ ಇದೆಲ್ಲ 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಮತ್ತು 2011ರ ನಿಯಮಗಳ ಕೆಳಗಿದೆ.

ಇಲ್ಲೊಂದು ಗೊಂದಲ ಬಿಡಿಸಿಬಿಡೋಣ. ಪೊಟ್ಟಣದ ಮೇಲಿನ ಕಪ್ಪು ಗೆರೆಗಳ ಬಾರ್‌ಕೋಡಿನಲ್ಲಿ ಬೆಲೆ ಇದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. 890 ಅಂತ ಶುರುವಾದ್ರೆ ಆ ನಂಬರ್ ಕೊಟ್ಟದ್ದು ಭಾರತದ ಜಿಎಸ್1 ಸಂಸ್ಥೆ ಅಂತ ಅರ್ಥ. ಉಳಿದದ್ದು ಕಂಪನಿ ಮತ್ತು ವಸ್ತುವಿನ ಸಂಖ್ಯೆ, ಕೊನೆಯದು ತಾಳೆ ನೋಡೋ ಅಂಕಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಪ್ರೈಮರಿ ಕೀ ಮಾತ್ರ, ಬೆಲೆ ಅಂಗಡಿಯ ಡೇಟಾಬೇಸಿನಲ್ಲಿದೆ. ಎಂಆರ್‌ಪಿ ಮಾತ್ರ ಹಾರ್ಡ್‌ಕೋಡ್.

ಹಾರ್ಡ್‌ಕೋಡ್ ಮಾಡಿದ್ರೆ ಏನಾಗುತ್ತೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ. ಒಂದನ್ನು ಸ್ಥಿರ ಮಾಡಿದ್ರೆ ಒತ್ತಡ ಇನ್ನೊಂದರ ಮೇಲೆ ಬೀಳುತ್ತೆ. ಪಾರ್ಲೆ-ಜಿಯ ಸಣ್ಣ ಪೊಟ್ಟಣ ಬಹಳ ವರ್ಷ 4 ರೂಪಾಯಿಯಲ್ಲೇ ನಿಂತಿತ್ತು. ಗೋಧಿ, ಸಕ್ಕರೆ, ಎಣ್ಣೆ ಬೆಲೆ ಏರಿದರೂ ಅಂಕಿ ಏರಲಿಲ್ಲ, ಇಳಿದದ್ದು ತೂಕ. 100 ಗ್ರಾಂ ಇದ್ದದ್ದು ಮೆಲ್ಲಮೆಲ್ಲಗೆ ಕರಗಿತು. ಆಮೇಲೆ ಬೆಲೆ 5 ಆಯ್ತು, ತೂಕ ಕಡಿಮೆಯಾಗೋದು ನಿಲ್ಲಲಿಲ್ಲ. ಇದು ಒಂದೇ ಕಂಪನಿಯ ಕಥೆ ಅಲ್ಲ, 5, 10 ರೂಪಾಯಿಗೆ ಮಾರೋ ಎಲ್ಲರ ಕಥೆ. ಮೋಸ ಅನ್ನೋಕೂ ಆಗಲ್ಲ, ಹೊಸ ತೂಕ ಪೊಟ್ಟಣದ ಮೇಲೇ ಇರುತ್ತೆ. ಆದರೆ ನಮ್ಮ ಕಣ್ಣು ಹೋಗೋದು ರೂಪಾಯಿಯ ಕಡೆಗೆ.

ಸರ್ಕಾರ ಇದಕ್ಕೆ ಎರಡು ಪ್ಯಾಚ್ ಹಾಕಿತು. ಮೊದಲನೆಯದು ತೂಕವನ್ನೂ ಕಟ್ಟಿಹಾಕೋದು. 2011ರ ನಿಯಮದಲ್ಲಿ ಬಿಸ್ಕತ್ತು, ಚಹಾ, ಸೋಪು ಮೊದಲಾದ 19 ಬಗೆಯ ಸರಕಿಗೆ ನಿಗದಿತ ತೂಕಗಳು, ಬಿಸ್ಕತ್ತಿಗಾದ್ರೆ 25, 50, 75, 100 ಗ್ರಾಂ, ಹೀಗೆ. 2021ರ ತಿದ್ದುಪಡಿ ಅದನ್ನು ಕೈಬಿಟ್ಟು ಎರಡನೇ ಉಪಾಯ ತಂದಿತು. ತೂಕ ಎಷ್ಟಾದರೂ ಇರಲಿ, ಒಂದು ಗ್ರಾಂಗೆ ಎಷ್ಟು ಅಂತ ಬರೀರಿ, ಒಂದು ಕಿಲೋಗಿಂತ ಹೆಚ್ಚಿದ್ರೆ ಕಿಲೋಗೆ ಎಷ್ಟು ಅಂತ ಬರೀರಿ. ಇದೇ ಈಗ ಎಂಆರ್‌ಪಿ ಹತ್ತಿರ ಸಣ್ಣದಾಗಿ ಕಾಣೋ ಯೂನಿಟ್ ಸೇಲ್ ಪ್ರೈಸ್.

ಈ ಕಥೆಗೆ ಇತ್ತೀಚಿನ ಸೇರ್ಪಡೆ 2025ರ ಸೆಪ್ಟೆಂಬರ್ 22ರದ್ದು. ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇಕಡಾ 18ರಿಂದ 5ಕ್ಕೆ ಇಳಿಯಿತು. 5 ರೂಪಾಯಿಯನ್ನು 1.18ರಿಂದ ಭಾಗಿಸಿ 1.05ರಿಂದ ಗುಣಿಸಿದ್ರೆ 4.45 ಬರುತ್ತೆ. ಕಿರಾಣಿ ಅಂಗಡಿಯವರು 55 ಪೈಸೆ ಚಿಲ್ಲರೆ ಎಲ್ಲಿಂದ ತರೋದು? ಬೆಲೆ ಇಳಿಸೋದಾ, ಅಥವಾ ಅದೇ 5 ರೂಪಾಯಿಗೆ ಬಿಸ್ಕತ್ತು ಹೆಚ್ಚು ಕೊಡೋದಾ ಅಂತ ಕಂಪನಿಗಳು ತಲೆ ಕೆಡಿಸಿಕೊಂಡವು.

ಹಾಗಾದ್ರೆ ಎಂಆರ್‌ಪಿ ಬೇಡವಾ? ನನ್ನ ಅಭಿಪ್ರಾಯದಲ್ಲಿ ಬೇಕು. ಮರಾಠಿ ಬಾರದೆ ಮುಂಬಯಿಗೆ ಬಂದಿಳಿದ ಕನ್ನಡಿಗರಿಗೂ, ಕನ್ನಡ ಬಾರದೆ ಬೆಂಗಳೂರಿಗೆ ಬಂದವರಿಗೂ ಯಾರನ್ನೂ ಕೇಳದೆ ನಂಬಬಹುದಾದ ಅಂಕಿ ಅದೊಂದೇ. ಆದರೆ ಅದು ಗರಿಷ್ಠ ಬೆಲೆ, ನ್ಯಾಯಬೆಲೆ ಅಲ್ಲ. ಅದಕ್ಕಿಂತ ಕಡಿಮೆಗೆ ಧಾರಾಳವಾಗಿ ಕೇಳಬಹುದು. ಹೆಚ್ಚು ಕೇಳಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹೋಟೆಲಿನಲ್ಲಿ ಕೂತು ಕುಡಿಯೋ ನೀರಿನ ಬಾಟಲಿಗೆ ಮಾತ್ರ ಇದು ಅನ್ವಯಿಸಲ್ಲ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎರಡು ಪೊಟ್ಟಣ ಹೋಲಿಸೋವಾಗ ದೊಡ್ಡ ಅಂಕಿ ಬಿಟ್ಟು ಗ್ರಾಂ ಲೆಕ್ಕದ ಸಣ್ಣ ಅಂಕಿ ನೋಡಿ. 5 ರೂಪಾಯಿಗೆ ಎಷ್ಟು ಸಿಕ್ಕಿತು ಅನ್ನೋದು ಅಲ್ಲಿದೆ.