ನೊರೆಗೂಡಿನ ಕಾವಲುಗಾರ

1828ರಲ್ಲಿ ಲಂಡನ್ನಿನ ‘ಜುವಲಾಜಿಕಲ್ ಜರ್ನಲ್’ ಎಂಬ ಪತ್ರಿಕೆಯಲ್ಲಿ ಒಂದು ಪತ್ರ ಅಚ್ಚಾಯಿತು. ಬರೆದವರು ಜಾನ್ ಹ್ಯಾನ್‌ಕಾಕ್. ದಕ್ಷಿಣ ಅಮೆರಿಕದ ಉತ್ತರ ಕರಾವಳಿಯಲ್ಲಿ, ಇಂದಿನ ಗಯಾನಾಕ್ಕೆ ಸೇರಿರುವ ಡೆಮೆರಾರಾ ಆಗ ಬ್ರಿಟಿಷರ ವಸಾಹತು. ಅಲ್ಲಿನ ಮೀನುಗಳ ವಿಚಾರ ಹೇಳುತ್ತ ಹ್ಯಾನ್‌ಕಾಕ್ ಅವರು ‘ಹಸ್ಸಾರ್’ ಎಂಬ ಮೀಸೆಯ ಮೀನನ್ನು ವರ್ಣಿಸಿದರು. ಈ ಮೀನು ಹಕ್ಕಿಯಂತೆ ಗೂಡು ಕಟ್ಟುತ್ತದೆ, ಮೊಟ್ಟೆಗಳನ್ನು ಕಾಯುತ್ತದೆ ಎಂದು ಬರೆದರು. ಅದನ್ನು ಹಿಡಿಯುವ ಬಗೆಯನ್ನೂ ದಾಖಲಿಸಿದರು. ಗೂಡಿನ ಬಳಿ ನೀರಿಗೆ ಕೈಯಿಟ್ಟು ಅಲ್ಲಾಡಿಸಿದರೆ ಸಾಕು, ಗಂಡುಮೀನು ರೋಷದಿಂದ ಆ ಕೈಯ ಮೇಲೇ ಎರಗುತ್ತದೆ, ಎರಗಿದ್ದೇ ಸಿಕ್ಕಿಬೀಳುತ್ತದೆ.

ಇಂದು ಹೋಪ್ಲೊಸ್ಟರ್ನಮ್ ಲಿಟ್ಟೊರಾಲೆ ಎಂದು ಕರೆಯಲಾಗುವ ಈ ಮೀನಿನ ವೈಜ್ಞಾನಿಕ ಹೆಸರಿನ ಜೊತೆಗೆ ಹ್ಯಾನ್‌ಕಾಕ್ ಅವರ ಹೆಸರೂ 1828ರ ವರ್ಷವೂ ಅಂಟಿಕೊಂಡಿವೆ. ಕೈಯಿಟ್ಟು ಮೀನು ಹಿಡಿಯುತ್ತಿದ್ದವರ ಹೆಸರು ಎಲ್ಲಿಯೂ ಇಲ್ಲ. ಆ ಕಾಲದ ಡೆಮೆರಾರಾ ಕಬ್ಬಿನ ತೋಟಗಳ ನಾಡು. ದುಡಿಯುತ್ತಿದ್ದವರು ಆಫ್ರಿಕಾದಿಂದ ತಂದ ಗುಲಾಮರು ಮತ್ತು ಅವರ ಮಕ್ಕಳು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ ಕಾಯಿದೆ ಜಾರಿಗೆ ಬಂದದ್ದು 1834ರಲ್ಲಿ. ಮೀನೊಂದು ತಂದೆಯಾಗಿ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ವಿದ್ವಾಂಸರಿಗಿಂತ ಮೊದಲು ಬಲ್ಲವರು ಆ ಕಾಲುವೆಗಳಲ್ಲಿ ಹೊಟ್ಟೆಪಾಡಿಗಾಗಿ ಕೈಯಿಟ್ಟವರು.

ಗೂಡನ್ನು ನೊರೆಯಿಂದಲೇ ಏಕೆ ಕಟ್ಟಬೇಕು? ನಮ್ಮ ಕೆರೆಗಳ ಮುರುಗೋಡು ಮೀನನ್ನು ಬಲ್ಲವರಿಗೆ ಉತ್ತರದ ಅರ್ಧ ತಾನಾಗಿ ಹೊಳೆಯುತ್ತದೆ. ಜೌಗುನೆಲದ ಬೆಚ್ಚನೆಯ, ಕೊಳೆತ ಎಲೆಗಳು ತುಂಬಿದ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಅಂಥಲ್ಲಿ ಬದುಕುವ ಮೀನು ಮೇಲೆ ಬಂದು ಗಾಳಿ ಗುಟುಕರಿಸಬೇಕು. ಹಸ್ಸಾರ್‌ನ ಬಂಧುಗಳು ಹೀಗೆ ನುಂಗಿದ ಗಾಳಿಯನ್ನು ಕರುಳಿನಿಂದಲೇ ಹೀರಿಕೊಳ್ಳುತ್ತವೆ ಎಂದು ಜೋಬೆರ್ ಎಂಬ ಫ್ರೆಂಚ್ ವಿಜ್ಞಾನಿ 1877ರಲ್ಲಿ ಪ್ರಕಟಿಸಿದರು. ತಾಯಿತಂದೆಗಳ ಉಸಿರಿಗೆ ಈ ದಾರಿ ಸಾಕು. ಆದರೆ ಮೊಟ್ಟೆ ಮೇಲೆ ಬಂದು ಗಾಳಿ ಕುಡಿಯಲಾರದು. ಆದ್ದರಿಂದ ಮಳೆಗಾಲದಲ್ಲಿ ನೀರು ಹುಲ್ಲುಗಾವಲಿಗೆ ಹರಿದಾಗ ಗಂಡುಮೀನು ಹುಲ್ಲಿನ ಎಸಳು, ತೇಲುವ ಗಿಡಗಳನ್ನು ಒಟ್ಟುಮಾಡಿ ಅವುಗಳ ಅಡಿಯಲ್ಲಿ ನೊರೆ ತುಂಬುತ್ತದೆ. ಮೊಟ್ಟೆಗಳು ಆ ನೊರೆಯಲ್ಲಿ ನೀರಿನ ಮಟ್ಟಕ್ಕಿಂತ ಮೇಲೆ, ತೇವವಾಗಿಯೂ ಗಾಳಿಗೆ ಹತ್ತಿರವಾಗಿಯೂ ಉಳಿಯುತ್ತವೆ. ಈ ಕಾಲದಲ್ಲಿ ಗಂಡಿನ ಎದೆಯ ರೆಕ್ಕೆಯ ಮುಳ್ಳುಗಳು ದಪ್ಪವಾಗಿ ಕೆಂಪೇರುತ್ತವೆ. ಕಾವಲಿಗೆ ಅವೇ ಆಯುಧ.

ಇಂಥ ದೃಶ್ಯ ಮನೆಯೊಳಗೆ ಬರಲು ಗಾಜಿನ ತೊಟ್ಟಿಯೇ ಬೇಕಾಯಿತು. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರು ಮೀನು, ಬಸವನಹುಳು, ಜಲಸಸ್ಯಗಳು ಒಂದೇ ಪಾತ್ರೆಯಲ್ಲಿ ಪರಸ್ಪರ ಆಸರೆಯಿಂದ ಬದುಕಬಲ್ಲವೆಂದು ತೋರಿಸಿದರು. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಅವರ ‘ದಿ ಅಕ್ವೇರಿಯಂ’ ಹೊರಬಂದು ಮನೆಮನೆಗೆ ಈ ಹುಚ್ಚು ಹತ್ತಿಸಿತು. 1869ರಲ್ಲಿ ಪ್ಯಾರಿಸ್ಸಿನ ಪಿಯೆರ್ ಕಾರ್ಬೊನಿಯೆ ಅವರು ಚೀನಾದಿಂದ ಬಂದ ಪ್ಯಾರಡೈಸ್ ಮೀನುಗಳನ್ನು ಸಾಕಿ ಮರಿಮಾಡಿಸಿದರು. ಅದು ಕ್ಯಾಟ್‌ಫಿಶ್ ಅಲ್ಲ, ಆದರೆ ಅದೂ ನೊರೆಗೂಡು ಕಟ್ಟುವ ಮೀನೇ. ಗಂಡು ಗುಳ್ಳೆಗಳನ್ನು ಹೆಣೆದು, ಮೊಟ್ಟೆಗಳನ್ನು ಬಾಯಲ್ಲಿ ಆಯ್ದು ಗೂಡಿಗೇರಿಸುವುದನ್ನು ಅವರು ಗಾಜಿನಾಚೆಯಿಂದ ಕಂಡು ಬರೆದರು. ಎರಡು ವರ್ಷಗಳ ನಂತರ ಡಾರ್ವಿನ್ ತಮ್ಮ ‘ದಿ ಡಿಸೆಂಟ್ ಆಫ್ ಮ್ಯಾನ್’ ಗ್ರಂಥದಲ್ಲಿ ಇದೇ ವರದಿಯನ್ನು ಬಳಸಿಕೊಂಡರು. ಹವ್ಯಾಸಿಯ ತೊಟ್ಟಿ ವಿಜ್ಞಾನಕ್ಕೆ ಸಾಕ್ಷಿ ನುಡಿಯತೊಡಗಿದ್ದು ಹೀಗೆ.

ನೊರೆಗೂಡಿನ ಕ್ಯಾಟ್‌ಫಿಶ್‌ಗಳಲ್ಲಿ ಮನೆಯ ತೊಟ್ಟಿಗೆ ಹೆಚ್ಚು ಒಗ್ಗಿದ್ದು ಹಸ್ಸಾರ್‌ನ ಸೋದರಸಂಬಂಧಿ. ಅದನ್ನು ಬಹುಕಾಲ ಹೋಪ್ಲೊಸ್ಟರ್ನಮ್ ಎಂದೇ ಕರೆಯುತ್ತಿದ್ದರು. ಬ್ರೆಜಿಲಿನ ರೊಬೆರ್ಟೊ ರೈಸ್ 1997ರಲ್ಲಿ ಈ ಗುಂಪನ್ನು ಪರಿಷ್ಕರಿಸಿ ಮೆಗಾಲೆಕಿಸ್ ಎಂಬ ಹೊಸ ಕುಲಕ್ಕೆ ಸೇರಿಸಿದರು. ಇದನ್ನು ಸಾಕಿದವರ ಅನುಭವ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತದೆ. ಒಳ್ಳೆಯ ಆಹಾರ, ಶುದ್ಧ ನೀರು, ಸದಾ ಒಂದೇ ಉಷ್ಣತೆ ಇವೆಲ್ಲ ಇದ್ದರೂ ಮೀನು ಆರೋಗ್ಯವಾಗಿ ಬದುಕುತ್ತದೆಯೇ ಹೊರತು ಗೂಡು ಕಟ್ಟುವುದಿಲ್ಲ. ಅದಕ್ಕೆ ಮಳೆಗಾಲ ಬೇಕು. ಹಾಗಾಗಿ ಹವ್ಯಾಸಿಗಳು ತೊಟ್ಟಿಯ ನೀರಿನ ದೊಡ್ಡ ಪಾಲನ್ನು ತೆಗೆದು ಮೃದುವಾದ, ತುಸು ತಂಪಾದ ನೀರು ಸುರಿಯುತ್ತಾರೆ. ಹೊರಗೆ ಮೋಡ ಕವಿದು ವಾಯುಭಾರ ಕುಸಿಯುವ ದಿನಕ್ಕಾಗಿ ಕಾಯುವವರೂ ಉಂಟು. ಹುಲ್ಲಿನ ಬದಲು ಥರ್ಮೋಕೋಲಿನ ತುಂಡನ್ನೋ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳವನ್ನೋ ಬೋರಲಾಗಿ ತೇಲಿಬಿಡುತ್ತಾರೆ. ಸಾಮಗ್ರಿಯ ವಿಷಯದಲ್ಲಿ ಗಂಡುಮೀನಿಗೆ ಹಟವಿಲ್ಲ. ಪ್ಲಾಸ್ಟಿಕ್ಕಿನಡಿಯಲ್ಲೂ ನೊರೆ ತುಂಬುತ್ತದೆ. ಕಾಲದ ವಿಷಯದಲ್ಲಿ ಮಾತ್ರ ಅದು ರಾಜಿಯಾಗುವುದಿಲ್ಲ.

ಮೊಟ್ಟೆಯಿಟ್ಟ ಮೇಲೆ ಹೆಣ್ಣನ್ನು ಬೇರೆ ತೊಟ್ಟಿಗೆ ಸಾಗಿಸಬೇಕು, ಇಲ್ಲವಾದರೆ ಗಂಡು ಅಟ್ಟಾಡಿಸಿ ಗಾಯಗೊಳಿಸುತ್ತದೆ. ಮರಿಗಳು ಒಡೆಯಲು ನಾಲ್ಕೈದು ದಿನ ಹಿಡಿಯುತ್ತದೆ. ಆ ದಿನಗಳಲ್ಲಿ ತೊಟ್ಟಿಗೆ ಕೈಯಿಟ್ಟವರ ಮೇಲೆ ಅದು ಎರಗುತ್ತದೆ. ಡೆಮೆರಾರಾದ ಕಾಲುವೆಯಲ್ಲಿ ಪ್ರಾಣಕ್ಕೆ ಎರವಾದ ರೋಷವೇ ಇದು; ಇಲ್ಲಿ ಅದನ್ನು ನೋಡಿ ಸಾಕಿದವರು ಹಿಗ್ಗುತ್ತಾರೆ.

ಈ ಮೀನಿನ ಚರಿತ್ರೆಯಲ್ಲಿ ನಮ್ಮ ದೇಶದವರ ಪಾಲೂ ಇದೆ. ಗುಲಾಮಗಿರಿ ಮುಗಿದ ಬಳಿಕ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರು ಕೂಲಿಗಳನ್ನು ಸಾಗಿಸಲಾಯಿತು. 1838ರ ಮೇ 5ರಂದು ಮೊದಲ ಹಡಗುಗಳು ಬ್ರಿಟಿಷ್ ಗಯಾನಾ ಮುಟ್ಟಿದವು. 1845ರ ಮೇ 30ರಂದು ‘ಫತೆಲ್ ರಜಾಕ್’ ಟ್ರಿನಿಡಾಡ್ ತಲುಪಿತು. 1917ರವರೆಗೆ ಟ್ರಿನಿಡಾಡಿಗೆ ಹೋದವರೇ ಸುಮಾರು 1,44,000 ಮಂದಿ. ಹೆಚ್ಚಿನವರು ಕಲ್ಕತ್ತೆಯಿಂದ, ಕೆಲವರು ಮದ್ರಾಸಿನಿಂದ ಹಡಗು ಹತ್ತಿದವರು. ಅವರ ಅಡುಗೆಮನೆಯಲ್ಲಿ ಹಸ್ಸಾರ್ ಮಸಾಲೆಯ ಸಾರಿಗೆ ಬಿತ್ತು. ಟ್ರಿನಿಡಾಡಿನಲ್ಲಿ ಅದರ ಹೆಸರು ಕಸ್ಕಡೂರ. ಗಟ್ಟಿ ಚಿಪ್ಪಿನದು ಎಂದರ್ಥ. ಅದನ್ನು ಉಂಡವರು ಎಲ್ಲೇ ಅಲೆದರೂ ಕೊನೆಯುಸಿರೆಳೆಯುವುದು ಟ್ರಿನಿಡಾಡಿನಲ್ಲೇ ಎಂಬ ಮಾತು ಅಲ್ಲಿ ಬಳಕೆಯಲ್ಲಿದೆ.

ಸ್ಯಾಮ್ಯುಯೆಲ್ ಸೆಲ್ವನ್ ಅವರು 1972ರ ತಮ್ಮ ಕಾದಂಬರಿಗೆ ‘ದೋಸ್ ಹು ಈಟ್ ದ ಕಸ್ಕಡೂರ’ ಎಂದು ಹೆಸರಿಟ್ಟರು. ಟ್ರಿನಿಡಾಡಿನಲ್ಲಿ 1923ರಲ್ಲಿ ಹುಟ್ಟಿದ ಅವರ ತಂದೆಯ ಕಡೆಯವರು ಮದ್ರಾಸಿನ ಮೂಲದವರು. ಸೆಲ್ವನ್ 1950ರಲ್ಲಿ ಲಂಡನ್ನಿಗೆ ಹೋದರು, 1978ರಲ್ಲಿ ಕೆನಡಾಕ್ಕೆ; ಅಲ್ಲಿಯೇ ನೆಲೆಸಿದರು. 1994ರ ಏಪ್ರಿಲ್ 16ರಂದು ಅವರು ತೀರಿಕೊಂಡದ್ದು ಮಾತ್ರ ಟ್ರಿನಿಡಾಡಿನಲ್ಲಿ, ಊರು ನೋಡಲೆಂದು ಬಂದಿದ್ದಾಗ.

ಇದನ್ನು ಕಾಕತಾಳೀಯ ಎನ್ನಲು ಅಡ್ಡಿಯಿಲ್ಲ. ಆದರೆ ಊರ ಹೊರಗೆ ಮನೆ ಕಟ್ಟಿಕೊಂಡ ನಮ್ಮಂಥವರಿಗೆ ಆ ಮಾತನ್ನು ಹುಟ್ಟಿಸಿದ ಜನರ ಮನಸ್ಸು ಅರ್ಥವಾಗುತ್ತದೆ. ಸಾಗರದಾಚೆ ತಂದು ಬಿಟ್ಟವರು ಆ ನೆಲವನ್ನು ತಮ್ಮದೆನ್ನಲು ಅಲ್ಲಿಯದೇ ಮೀನೊಂದನ್ನು ಸಾಕ್ಷಿಗೆ ಕರೆದರು. ಆ ಮೀನಾದರೋ ಪ್ಯಾರಿಸ್ಸಿಗೋ ಮುಂಬಯಿಗೋ ಹೋದರೂ ಸಿಕ್ಕಿದ್ದರಲ್ಲೇ ಗೂಡು ಕಟ್ಟುತ್ತದೆ, ತನ್ನ ಮಳೆಯನ್ನು ಯಾರಾದರೂ ತಂದು ಸುರಿದರೆ.